ತಡಿ ಅಂದ್ರ ನಡಿ

ನನ್ನ ಸಿಟ್ಟಿನ ಸುದ್ದಿ ಮೊದಲ ಹೇಳಿಬಿಡ್ತೀನಿ, ಆಮ್ಯಾಲೆ ಮುಚ್ಚಿಟ್ಟಿದ್ದಿ ಅಂತ ಯಾರೂ ಅನಬಾರದು. ಬೆಟಗೇರಿಯ ನಮ್ಮ ಓಣ್ಯಾಗ ನಿಂತು "ಮೂಗಿನ ತುದೀಗೆ ಸಿಟ್ಟು ಇಟಗೊಂಡಾವ ಯಾರ್ರಿ?" ಅಂತ ಕೇಳ್ರಿ, ನಾಯಿ ಸುದ್ದಾ ನನ್ನ ಮನೀ ಕಡೆ ಮಾರಿ ಮಾಡತೈತಿ. ಅರವತ್ತಾರು ವರ್ಷ ಆತು ನನಗ. ನೇಕಾರರ ಮನಿ ನಮ್ಮದು. ಎಳಿ ಹಿಡದಷ್ಟ ಸಲೀಸಾಗಿ ಮಂದೀ ಕಾಲರ್ ಹಿಡದೇನಿ.

ಅದರಾಗೂ "ಲೇ" ಅನ್ನೂ ಮಾತು ನನಗ ತಡಕೊಳ್ಳಾಕ ಆಗಂಗಿಲ್ಲ. ನಮ್ಮ ಕಡೆ ದೋಸ್ತರು ದೋಸ್ತರು ಲೇ ಅಂತಾರ, ದೊಡ್ಡಾವ ಸಣ್ಣಾವಗ ಲೇ ಅಂತಾನ, ಅದಕ್ಕ ಯಾರೂ ಬ್ಯಾಸರಾ ಮಾಡಕೊಳ್ಳಂಗಿಲ್ಲ. ಆದ್ರ ನನಗಿಂತ ಸಣ್ಣಾವ, ಇಲ್ಲಾ ಗುರ್ತು ಇಲ್ಲದಾವ ನನಗ ಲೇ ಅಂದ್ರ ಕೈ ನನ್ನ ಕೇಳದನ ಏಳತೈತಿ. ನಾನು ಹರೇದಾವ ಇದ್ದಾಗ ನಮ್ಮ ಶೆಡ್ಡಿಗೆ ಹೊಸದಾಗಿ ಒಬ್ಬ ಚಾ ಮಾರಾವ ಬಂದ. ಮುಸಲ್ಮಾನರಾವ, ನನ್ನ ವಾರಿಗಿಯಾವನ. ನನ್ನ ಬೆನ್ನಿಂದ ನಿಂತು "ಚಾಯ್ ಲೇ" ಅಂದ. ತಿರುಗಿದಾವನ ಅವನ ಕಪಾಳಕ್ಕ ಬಿಟ್ಟೆ. ಕೆಟಲಿ ಬಿದ್ದು ಕುದಿಯೂ ಚಾ ಅವನ ಪಾದದ ಮ್ಯಾಲೆ ಚೆಲ್ಲಿ ಬೊಬ್ಬಿ ಎದ್ವು. "ನನಗ ಲೇ ಅಂತೀಯೇನ್ ಮಗನ!" ಅಂದೆ. ಅವ ಒಂದ ಕಾಲಮ್ಯಾಲೆ ಕುಣಕೋತ, "ಯಣ್ಣಾ, ನಮ್ಮ ಮಾತಿನ್ಯಾಗ ಲೇ ಅಂದ್ರ ತಗೋ ಅಂತರೀ!" ಅಂದ. ಶೆಡ್ಡಿಗೆ ಶೆಡ್ಡ ನಕ್ಕಿತು. ನಾ ಅವನ ಕಾಲಿಗೆ ಕೊಬ್ಬರಿ ಎಣ್ಣಿ ಹಚ್ಚಿದೆ. ಅವತ್ತಿನಿಂದ ಅವ ನನ್ನ ಜೀವದ ಗೆಳ್ಯಾ. ಇವತ್ತಿಗೂ ನಾಕು ಗಂಟೇಕ ಕೆಟಲಿ ಹಿಡಕೊಂಡು ಬರ್ತಾನ, ಬೇಕಂತನ ನನ್ನ ಬೆನ್ನಿಂದ ನಿಂತು "ಚಾಯ್ ಲೇ" ಅಂತಾನ. ನಾ ತಿರುಗಂಗಿಲ್ಲ. ಹಿಂದಕ ಕೈ ಚಾಚ್ತೀನಿ, ಗ್ಲಾಸು ಕೈಗೆ ಬರತೈತಿ.

ನನಗ ಒಬ್ಬಾವ ತಮ್ಮ, ಎಂಟು ವರ್ಷ ಸಣ್ಣಾವ. ಅಪ್ಪ ಜಲ್ದಿ ಹೋದ, ಹಿಂಗಾಗಿ ಅವಗ ನೇಯೂದು ಕಲಿಸಿದಾವ ನಾನು. ಕಲಿಸಿದ್ದು ಅಂದ್ರ ಬಡದು ಬಡದು ಕಲಿಸಿದ್ದು. ಅಷ್ಟು ಬಡಸಿಕೊಂಡರೂ ಅವ ಒಂದ ದಿನಾ ನನಗ ತಿರುಗಿ ಲೇ ಅಂದಾವಲ್ಲ. ಮನಿ ಒಂದ, ಒಲಿ ಎರಡು. ಹಿತ್ತಲದ ಶೆಡ್ಡಿನ್ಯಾಗ ನಾಕು ಪವರ್‌ಲೂಮು, ಅವು ಇಬ್ರಿಗೂ ಕೂಡಿ. ಈಗ ಹೇಳೂದು ಅವನ ಬಲಗೈ ಸುದ್ದಿ. ಅವ ನನ್ನನ್ನ ನಂಬಿದನೋ ಇಲ್ಲೋ ಅನ್ನೂ ಸುದ್ದಿ.

ಶೆಡ್ಡಿನ ಮಾತು ಹೆಂಗ ಅನ್ನೂದನ್ನ ತಿಳಕೋರಿ. ನಾಕು ಲೂಮು ಒಮ್ಮೆಲೆ ಶುರುವಾದ್ರ ಖಟ್ ಖಟ್ ಖಟ್ ಅಂತ ಎದಿ ಒಳಗ ಬಡದಂಗಾಗತೈತಿ. ಹೊರಗಿನಾವ ಬಂದ್ರ ಒದರಿ ಒದರಿ ಗಂಟಲ ಹರಕೋತಾನ. ನಮ್ಮ ಮಾತು ಬಾಯಿದಲ್ಲ, ಕೈದು. ಅಂಗೈ ಎತ್ತಿದ್ರ ತಡಿ. ಗದ್ದಾ ಮುಂದಕ ಎತ್ತಿದ್ರ ನಡಿ, ಅಂದ್ರ ಹ್ಯಾಂಡಲ್ ಜಗ್ಗಿ ಲೂಮು ಶುರು ಮಾಡು. ಎರಡು ಬೆರಳು ಕತ್ತರಿ ಮಾಡಿದ್ರ ಕಡಿ, ಸೀರಿ ಮುಗೀತು. ಉಳದದ್ದನ್ನ ತುಟಿ ನೋಡಿ ತಿಳಕೋತೀವಿ. "ನನ್ನ ಕಿವಿ ನೋಡ್ರಿ, ಇಂಥಾ ಗದ್ದಲದಾಗೂ ಕೇಳತೈತಿ" ಅಂತ ಎದಿ ಬಡಕೋತಿದ್ದೆ. ಹುಚ್ಚ ಖೋಡಿ! ಕೇಳತಿದ್ದದ್ದು ಕಿವಿ ಅಲ್ಲ, ಕಣ್ಣು.

ಹ್ವಾದ ವರ್ಷನ ಅದರ ಖಬರು ನನಗ ಬಂದಿತ್ತು, ನಾ ತಿಳಕೊಳ್ಳಲಿಲ್ಲ. ಹೆಂಡ್ತಿ ಕೂಡ ಶಿರಹಟ್ಟಿ ಮಠಕ್ಕ ಹೊಂಟಿದ್ದೆ. ಬಸ್ಸಿನ್ಯಾಗ ಕಾಲಿಡಾಕ ಜಾಗಾ ಇಲ್ಲ. ಇಂಜಿನ್ ಗುರ್ ಅನ್ನಾಕತ್ತಿತ್ತು, ಹೆಣ್ಣಮಕ್ಕಳ ಮಾತು ಬ್ಯಾರೆ, ಯಾವನೋ ಮೊಬೈಲಿನ್ಯಾಗ ಹಾಡು ಹಚ್ಚಿದ್ದ. ಕಂಡಕ್ಟರ್ ನನ್ನ ಕಡೆ ನೋಡಿ "ಮುದುಕಾ ಸರೀರಿ!" ಅಂದ. ಆತಲ್ಲ, ನೆತ್ತಿಗೇರಿತು. "ಯಾರಿಗಲೇ ಮುದುಕ ಅಂತಿ?" ಅಂದಾವನ ಅವನ ಕಾಲರಿಗೆ ಕೈ ಹಾಕಿ ಗಾಜಿಗೆ ಒತ್ತಿದೆ. ಟಿಕೆಟ್ ಮಶೀನು ಬಿತ್ತು. ಅವನ ತುಟಿ ಒಡದು ರಕ್ತ ಬಂತು. ಡ್ರೈವರ್ ರಸ್ತೇದಾಗ ಗಾಡಿ ನಿಂದ್ರಿಸಿದ, ನಾಕು ಮಂದಿ ನನ್ನ ಅಂಗಿ ಹರದು ಕೆಳಗ ದಬ್ಬಿದ್ರು. ನನ್ನ ಹೆಂಡ್ತಿ ಆ ಕಂಡಕ್ಟರನ ಕಾಲಿಗೆ ಬಿದ್ದಳು.

ಬಿಸಲಾಗ ನಡಕೋತ ಬರೂ ಮುಂದ ಅಂದಳು, "ಅವ ಮುಂದಕ ಸರೀರಿ ಅಂದನ್ರಿ. ಮುದುಕ ಅನಲಿಲ್ಲ."

"ನನ್ನ ಕಿವಿ ನೆಟ್ಟಗ ಅದಾವ. ನಿನ್ನವ ತೊಳಕೋ" ಅಂದೆ.

ಅವತ್ತ ಆಕಿ ಮಾತು ಕೇಳಿದ್ರ ತಮ್ಮನ ಕೈ ಉಳೀತಿತ್ತು.

ಈ ವರ್ಷ ಬ್ಯಾಸಿಗಿದಾಗ ಜಗಳ ಹತ್ತಿತು. ಪಡಸಾಲ್ಯಾಗ ಅಪ್ಪನ ಕುಣಿಮಗ್ಗ ಐತಿ. ನೆಲದಾಗ ಕುಣಿ ತಗದು, ಅದರಾಗ ಕಾಲು ಬಿಟಗೊಂಡು ಕೈಲೆ ನೇಯೂ ಮಗ್ಗ. ಅದರಾಗ ಯಾರೂ ಕುಂಡ್ರದನ ಹತ್ತು ಹನ್ನೆರಡು ವರ್ಷ ಆಗಿತ್ತು. ತಮ್ಮ ಅಂದ, "ಅಣ್ಣಾ, ಕುಣಿ ಮುಚ್ಚೂಣು. ಅಲ್ಲೆ ಇನ್ನೊಂದು ಲೂಮು ಕುಂಡ್ರತೈತಿ." ಅಂದಾವ ಸುಮ್ಮನಿರದ ಹೋಗಿ ಮಗ್ಗದ ಕಟಗಿ ಅಲಗಾಡಿಸಿ ನೋಡಿದ. ನಾ ಹಾರಿ ಹೋಗಿ ಅವನ ರಟ್ಟಿ ಹಿಡದು ಗ್ವಾಡಿಗೆ ಒಗದೆ. ಒದರಿದ್ದು ಹೇಳ್ತೀನಿ, ಇದ್ದದ್ದು ಇದ್ದಂಗ ಹೇಳ್ತೀನಿ: "ಈ ಮಗ್ಗಕ್ಕ ಕೈ ಹಚ್ಚಿದ್ರ ಕೈ ಕಡೀತೀನಿ ಮಗನ!"

ಓಣಿ ತುಂಬ ಕೇಳಿತು. ತಮ್ಮನ ಹೆಂಡ್ತಿ ಅಣ್ಣ ಮುಂಡರಗಿಯಿಂದ ಅವತ್ತ ಬಂದಿದ್ದ, ಕಟ್ಟೀಮ್ಯಾಲೆ ಕುಂತು ಅವಲಕ್ಕಿ ತಿನ್ನಾಕತ್ತಿದ್ದ. ಅವಗೂ ಕೇಳಿತು.

ಅವತ್ತ ಮಧ್ಯಾಹ್ನನ ಮೂರನೇ ಲೂಮು ನಿಂತಿತು. ಬಾಜೂದ ಹಲ್ಲಿನ ಗಾಲ್ಯಾಗ ಎಳಿ ಸಿಕ್ಕು ಬಿದ್ದಿತ್ತು. ಗಾಲಿ ಮುಚ್ಚಳಾ ತಗದು ತಮ್ಮ ಎರಡೂ ಕೈ ಒಳಗ ಹಾಕಿದ. ನಾನು ಹ್ಯಾಂಡಲ್ ಹಿಡಕೊಂಡು ನಿಂತೆ, ಅವ ನಡಿ ಅಂದ್ರ ಜಗ್ಗಾಕ. ಉಳದ ಮೂರೂ ಲೂಮು ನಡದಿದ್ವು. ಮುಂಜಾನೆ ಜಗಳ ಆಗಿತ್ತಲ್ಲ, ಒಬ್ರ ಮಾರಿ ಒಬ್ರು ನೋಡತಿರಲಿಲ್ಲ. ಅವ ಏನೋ ಅಂದ. ವಾರೀ ಕಣ್ಣೀಲೆ ಅವನ ಬಾಯಿ ತೆರದದ್ದು ಕಂಡಿತು, ನಾಲಿಗಿ ಹಲ್ಲಿನ ಹಿಂದ ಹೋದದ್ದು ಕಂಡಿತು. "ನಡಿ" ಅಂತ ಕೇಳಿಸ್ತು. ಜಗ್ಗಿದೆ.

ಮೊದಲ ಕಂಡದ್ದು ಹಾಸಿನ ಬಿಳೀ ಎಳಿ ಮ್ಯಾಲೆ ರಕ್ತ. ಆಮ್ಯಾಲೆ ತಮ್ಮನ ಬಾಯಿ, ಇಷ್ಟಗಲ. ಅವ ಒದರಿದ್ದು ಕೇಳಿದ್ದು ಕಡೀಕ. ಹ್ಯಾಂಡಲ್ ಹಿಂದಕ ಒತ್ತಿದೆ, ಗಾಲಿ ಕೈ ಬಿಡಲಿಲ್ಲ. ಕಬ್ಬಿಣದ ಸಲಾಕಿ ಹಾಕಿ ಗಾಲಿ ಉಲ್ಟಾ ತಿರುವಿದೆ, ಎಲುಬು ಮುರಿಯೂ ಸಪ್ಪಳ ನನ್ನ ಕೈಗೆ ತಿಳೀತು. ಕಿರಿಬೆರಳು ಗಾಲ್ಯಾಗ ಉಳೀತು. ಉಂಗುರದ ಬೆರಳು ತೊಗಲಿನ್ಯಾಗ ಜೋತಾಡತಿತ್ತು. ಅರ್ಧ ನೇದ ಸೀರೀನ ಪರ್ರಂತ ಹರದು ಅವನ ಕೈಗೆ ಸುತ್ತಿದೆ. ಆಟೋದಾಗ ಗದಗಿನ ದವಾಖಾನಿಗೆ ಹೋಗೂತನಾ ಅವ ಒಂದ ಮಾತು ಅಂದ, ಅದನ್ನ ಬಿಟ್ಟು ಬ್ಯಾರೆ ಅನಲಿಲ್ಲ: "ತಡಿ ಅಂದ್ನೆಲ್ಲೋ ಅಣ್ಣಾ. ತಡಿ ಅಂದೆ."

ಎರಡೂ ಕೈ ಗಾಲ್ಯಾಗ ಇದ್ದಾವ ಅಂಗೈ ಹೆಂಗ ಎತ್ತಬೇಕು? ಬಾಯೀಲೆ ಅಂದಾನ ಪಾಪ. ತಡಿ ಅಂದ್ರೂ ನಡಿ ಅಂದ್ರೂ ಬಾಯಿ ಒಂದ ನಮೂನಿ ಕಾಣತೈತಿ, ಕನ್ನಡಿ ಮುಂದ ನಿಂತು ನೀವ ನೋಡಕೋರಿ.

ದವಾಖಾನಿ ಪಡಸಾಲ್ಯಾಗ ಮುಂಡರಗಿಯಾವ ಕಾಯ್ಕೊಂಡು ನಿಂತಿದ್ದ. "ಮುಂಜಾನೆ ಹೇಳಿದ್ದಿ, ಮಧ್ಯಾಹ್ನಕ್ಕ ಮಾಡಿದಿ, ಭಾಡ್ಯಾ!" ಅಂದಾವನ ನನ್ನ ಬಾಯಿಗೆ ಗುದ್ದಿದ. ಮುಂದಿನ ಹಲ್ಲು ನಾಲಗಿ ಮ್ಯಾಲೆ ಬಂತು. ನಾನೂ ನಾನ, ಸುಮ್ಮನ ಇರೂ ಜಾತಿ ಅಲ್ಲ. ತಲೀಲೆ ಅವನ ಮೂಗಿಗೆ ಹಾಯ್ದೆ, ಇಬ್ರೂ ಉರುಳಾಡಿದ್ವಿ, ಕುಂಡ್ರೂ ಬೆಂಚು ಮಗಚಿತು, ನರ್ಸಮ್ಮಗಳು ಚೀರಿದ್ರು. ಅವನ ಗಂಟಲಕ್ಕ ನನ್ನ ಬೆರಳು ಹತ್ತಿದ್ವು. ಅಷ್ಟರಾಗ ಆಪರೇಶನ್ ಖೋಲಿ ಬಾಗಲಾ ತೆರೀತು. ಗಾಲೀ ಮಂಚದ ಮ್ಯಾಲೆ ತಮ್ಮನ್ನ ಹೊರಗ ತಂದ್ರು. ಬಿಳೀ ಅರಿವಿ ಸುತ್ತಿದ ಕೈ ಎದಿ ಮ್ಯಾಲಿತ್ತು. ನನ್ನ ಹತ್ತು ಬೆರಳು ಇನ್ನೊಬ್ಬನ ಗಂಟಲದಾಗ ಅದಾವು, ತಮ್ಮ ಅವನ್ನ ನೋಡಾಕತ್ತಾನ. ನಾ ಕೈ ಬಿಟ್ಟೆ. ಮುಂಡರಗಿಯಾವ ಎದ್ದು ಮತ್ತ ನಾಕು ಹೊಡದ. ಹೊಡಸಿಕೊಂಡೆ. ಹುಟ್ಟಿದ ಮ್ಯಾಲೆ ತಿರುಗಿ ಹೊಡೀದ ಹೊಡಸಿಕೊಂಡದ್ದು ಅದ ಮೊದಲು.

"ನಡಿ ಅಂತ ಕೇಳಿಸ್ತೋ ತಮ್ಮಾ" ಅಂದೆ.

"ನಿನ್ನ ಕಿವಿ ನೆಟ್ಟಗ ಅದಾವಲ್ಲ. ನೀನ ಹೇಳ್ತಿದ್ದಿ" ಅಂದ. ಆ ಕಡೆ ಮಾರಿ ತಿರುವಿದ. ದವಾಖಾನಿಯಿಂದ ಸೀದಾ ಹೆಂಡ್ತಿ ತವರಿಗೆ, ಮುಂಡರಗಿಗೆ ಹೋದ.

ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತ ಆದ ಮ್ಯಾಲೆ ಬರತೈತೇನು ಅಂತಾರ. ನಾ ಸಿಟ್ಟಿನ್ಯಾಗ ಕೊಯ್ದಿರಲಿಲ್ಲಪಾ. ತಿಳೀದ ಕೊಯ್ದಿದ್ದೆ. ಇದನ್ನ ಹೆಂಗ ತೋರಸೂದು? ಕಿವಿ ಡಾಕ್ಟರ್ ಕಡೆ ಹೋದೆ. ಕೆಪ್ಪ ಅಂತ ಕಾಗದಾ ಬರದುಕೊಡ್ರಿ ಅಂತ ಕೈಮುಗೀಬೇಕು ಅಂತನ ಹೋಗಿದ್ದೆ. ಅವರು ಸಪ್ಪಳಿಲ್ಲದ ಒಂದು ಸಣ್ಣ ಖೋಲ್ಯಾಗ ಕುಂಡ್ರಿಸಿದ್ರು, ಕಿವಿಗೆ ಹಚ್ಚಿ ಕುಂಯ್ ಕುಂಯ್ ಅನಿಸಿದ್ರು, ಕೈ ಎತ್ತು ಅಂದಾಗ ಎತ್ತಿದೆ. ಆಮ್ಯಾಲೆ ಮಾರೀಗೆ ಮಾರಿ ಕೊಟ್ಟು ಸಣ್ಣ ದನೀಲೆ ಮಾತಾಡಿದ್ರು. ಎಲ್ಲಾ ಕೇಳಿಸ್ತು, ಹಾಳಾದ್ದು! "ವಯಸ್ಸಿಗೆ ತಕ್ಕಂಗ ಸ್ವಲ್ಪ ಕಮ್ಮಿ ಐತಿ, ಮಾತು ಕೇಳಾಕ ಏನೂ ಅಡ್ಡಿಲ್ಲ" ಅಂತ ಬರದು ಕೊಟ್ರು. ಆ ಸುದ್ದಿ ನನಗಿಂತ ಮೊದಲ ಮುಂಡರಗಿ ಮುಟ್ಟಿತು. ಅವರು ಅಂದ್ರಂತ, "ನೋಡ್ರಿ, ಡಾಕ್ಟರ್ ಹೇಳ್ಯಾರ. ಕಿವಿ ಚಲೋ ಅದಾವಂತ. ಅಂದ್ಮ್ಯಾಲೆ ಬೇಕಂತ ಮಾಡ್ಯಾನ."

ಹಗ್ಗ ತರಾಕ ಹೋಗಿ ನನ್ನ ಕುತಗೀಗೆ ನಾನ ಹಾಕ್ಕೊಂಡಂಗಾತು.

ಅದಾಗಿ ಒಂದು ತಿಂಗಳಿಗೆ ಲಕ್ಷ್ಮೇಶ್ವರದಾಗ ನಮ್ಮ ಬಳಗದ ಮದಿವಿ. ಹೋಗಂಗಿಲ್ಲ ಅಂದೆ, ಹೆಂಡ್ತಿ ಎಳಕೊಂಡು ಹೋದ್ಲು. ಮದಿವಿ ಕಾರ್ಯಾಲಯದಾಗ ಬ್ಯಾಂಡು, ಮ್ಯಾಲೆ ಮೈಕು, ಊಟದ ಹಾಲಿನ್ಯಾಗ ಐದನೂರು ಬಾಯಿ. ಎಲ್ಲಾ ಬಾಯಿ ಅಲಗಾಡತಾವು, ಒಂದ ಮಾತು ತಿಳೀವಲ್ದು, ಎಲ್ಲಾರೂ ನನ್ನ ಸುದ್ದೀನ ಆಡಾಕತ್ತಾರ ಅನಿಸಾಕತ್ತಿತು. ಬಡಸಾವ ಒಬ್ಬಾವ ಬೋಗಾಣಿ ಹಿಡಕೊಂಡು ಬಂದ, ಬಗ್ಗಿ ನಕ್ಕೋತ ಕೇಳಿದ: "ಕಡದು ಹಾಕಿರೇನ್ರಿ?"

ನನ್ನ ತಮ್ಮನ ಬೆರಳು! ಊಟದ ಪಂಕ್ತ್ಯಾಗ, ನಕ್ಕೋತ! ಎದ್ದಾವನ ಅವನ ಕೈಯಾಗಿನ ಬೋಗಾಣಿ ಕಸಗೊಂಡು ಅವನ ಎದಿಗೆ ಬೀಸಿದೆ. ಅವ ಹಿಂದಿನ ಸಾಲಿನ ಎಲಿ ಮ್ಯಾಲೆ ಬಿದ್ದ. ಬಿದ್ದಾವನ್ನ ಮತ್ತೊಂದ ಒದ್ದೆ, ಸುಳ್ಳ ಯಾಕ ಹೇಳ್ಲಿ. ಮಂದಿ ಬಂದು ನನ್ನ ಕೈ ಹಿಂದ ತಿರುವಿದ್ರು. ನೆಲದ ತುಂಬ ಬೋಗಾಣಿ ಒಳಗಿಂದು ಬಿದ್ದಿತ್ತು. ಕಡಬು. ಹೂರಣದ ಕಡಬು.

ನನ್ನ ಹೆಂಡ್ತಿ ಒಂದು ಕಡಬು ಎತ್ತಿ ನನ್ನ ಮಾರಿ ಮುಂದ ಹಿಡದ್ಲು. "ಅವ ಏನಂದ?"

"ಕಡದು ಹಾಕಿರೇನ್ರಿ ಅಂದ."

"ಕಡಬು ಹಾಕಲೇನ್ರಿ ಅಂದನ್ರಿ, ನನ್ನ ಪ್ರಾಣಾ ತಿನ್ನಾವರ! ಕಡಬು!" ಅಂದವಳು ಕೈಯಾಗಿನ ಕಡಬು ನೋಡಿದ್ಲು. ಆಮ್ಯಾಲೆ ಸಣ್ಣಗ ಅಂದ್ಲು, "ಬಸ್ಸಿನ್ಯಾಗೂ ಹಿಂಗ ಆಗಿತ್ತು. ಮನ್ಯಾಗ ನಾವಿಬ್ರ ಇದ್ದಾಗ ನಿಮಗ ಎಲ್ಲಾ ಕೇಳತೈತಿ. ಗದ್ದಲಿದ್ದಲ್ಲೆ ಕೇಳಂಗಿಲ್ಲ."

ಆಕಿ ಸಾಲಿ ಕಲತದ್ದು ನಾಕನೇತ್ತಾ. ಡಾಕ್ಟರ್‌ಗೆ ಹೊಳೀದದ್ದು ಆಕಿಗೆ ಹೊಳೀತು.

ಮರುದಿನಾನ ಕಿವಿ ತಪಾಸ ಮಾಡೂ ಬ್ಯಾರೆ ಒಬ್ಬಾಕಿ ಕಡೆ ಕರಕೊಂಡು ಹೋದ್ಲು. ಸಣ್ಣ ವಯಸ್ಸಿನ ಹೆಣ್ಣಮಗಳು, ನನಗ ಕಾಕಾ ಅಂದ್ಲು. ನನ್ನ ಹೆಂಡ್ತಿ ಎಲ್ಲಾ ಹೇಳಿದ ಮ್ಯಾಲೆ ಆಕಿ ಯಂತ್ರದಾಗ ಸಂತೀ ಗದ್ದಲಾ ಹಚ್ಚಿದ್ಲು, ತನ್ನ ಬಾಯಿಗೆ ಕಾಗದಾ ಅಡ್ಡ ಹಿಡದು ಒಂದೊಂದ ಮಾತು ಅಂದ್ಲು, ನಾ ತಿರುಗಿ ಅನಬೇಕು. ತಡಿ ಅಂದ್ಲು, ಕಡಿ ಅಂದೆ. ಸೊಪ್ಪು ಅಂದ್ಲು, ಉಪ್ಪು ಅಂದೆ. ಹತ್ತರಾಗ ಏಳು ತಪ್ಪು. ಗದ್ದಲಾ ಬಂದ್ ಮಾಡಿ ಅವನ್ನ ಮತ್ತ ಅಂದ್ಲು, ಎಲ್ಲಾ ಬರೋಬ್ಬರಿ ಹೇಳಿದೆ.

"ಕಾಕಾ, ಅ, ಇ, ಓ ಇವೆಲ್ಲಾ ದಪ್ಪ ದನಿ. ಅವು ಉಳದಾವ" ಅಂದ್ಲು. "ತ, ಕ, ಸ, ಚ ಇವು ತೆಳೂ ದನಿ. ವಯಸ್ಸಾದ್ರ ಮೊದಲ ಹೋಗೂದು ಅವ. ಲೂಮಿನ ಸಪ್ಪಳದಾಗ ಇದ್ದಾವ್ರಿಗೆ ಇನ್ನೂ ಜಲ್ದಿ. ಮತ್ತ ಕೇಳೂದು ಬರೇ ಕಿವೀ ಕೆಲಸಲ್ಲ, ತಲೀದೂ ಐತಿ. ಇದು ಮಾತು, ಇದು ಗದ್ದಲ ಅಂತ ಬ್ಯಾರೆ ಮಾಡೂದು ಹರೇದಾಗ ಸಲೀಸು. ವಯಸ್ಸಾದ ತಲಿಗೆ ಅದು ಹೊತ್ತು ಹಿಡೀತೈತಿ. ಅಷ್ಟರಾಗ ಮಾತು ಮುಂದ ಹೋಗಿಬಿಟ್ಟಿರತೈತಿ."

ನನಗ ನನ್ನ ಮಗ್ಗದ ಲೆಕ್ಕದಾಗ ತಿಳೀತು. ಉದ್ದನ ಎಳಿ, ಹಾಸು, ಉಳದೈತಿ; ಅಡ್ಡ ಎಳಿ, ಹೊಕ್ಕು, ಹೋಗೈತಿ.

"ಹಂಗಾದ್ರ ಹೋದ ಅಕ್ಷರದ ಜಾಗಾದಾಗ ಮತ್ತೊಂದು ಹೆಂಗ ಕೇಳತೈತಿ?" ಅಂದೆ.

"ಮನಸ್ಸು ತುಂಬಕೋತೈತಿ ಕಾಕಾ. ರೂಢಿ ಇದ್ದದ್ದನ್ನ, ಇಲ್ಲಾ ಏನು ಬರತೈತಿ ಅಂತ ಕಾಯ್ತಿರತೈತಿ, ಅದನ್ನ ತುಂಬಕೋತೈತಿ."

"ಮನಸ್ಸಿನ್ಯಾಗ ಸಿಟ್ಟಿದ್ರ?"

ಆಕಿ ನನ್ನ ಮಾರಿ ನೋಡಿದ್ಲು. "ಅದನ್ನ ನನ್ನ ಯಂತ್ರ ಹೇಳಂಗಿಲ್ಲ" ಅಂದ್ಲು.

ಯಪ್ಪಾ ಶಿವನ, ಇದೊಂದು ಮಾತು ಕೇಳದಿದ್ರ ಚಲೋ ಇತ್ತು! ಇಷ್ಟು ದಿನ ತಮ್ಮಗ ಅಷ್ಟ ನನ್ನ ಮ್ಯಾಲೆ ಸಂಶೆ ಇತ್ತು. ಈಗ ನನಗೂ ಬಂತು. ತ ಇದ್ದ ಜಾಗಾದಾಗ ನ ಯಾಕ ಬಂತು? ಮುಂಜಾನೆ ಕೈ ಕಡೀತೀನಿ ಅಂದಾವ ನಾನು. ಮಧ್ಯಾಹ್ನ ನನ್ನ ಮನಸ್ಸು ಏನು ಕಾಯ್ಕೋತ ಕುಂತಿತ್ತು? ಅನ್ನದ ತಾಟಿನ ಮುಂದ ಕುಂತ್ರ ಇದ, ಹಾಸು ಕಟ್ಟಾಕ ಕುಂತ್ರ ಇದ. ಒಂದು ದಿನ ಸಿಟ್ಟು ತಡೀದ ನನ್ನ ಬಲಗಿವಿಗೆ ನಾನ ಬಡಕೊಂಡೆ, ಬುರ್ರಂತ ಸಪ್ಪಳಾ ಬರೂತನಾ.

ಕಾಗದಾ ತಗೊಂಡು ಮುಂಡರಗಿಗೆ ಹೋದೆ. ಬೀಗರ ಮನೀ ಬಾಗಲದಾಗ ತಮ್ಮನ ಹೆಂಡ್ತಿ ಅಣ್ಣ ನನ್ನ ಎದಿಗೆ ಕೈ ಹಚ್ಚಿ ದಬ್ಬಿದ. ಮೆಟ್ಟಲದ ಮ್ಯಾಲೆ ಕುಂಡಿ ಹಚ್ಚಿ ಬಿದ್ದೆ. ಬಿದ್ದಲ್ಲಿಂದನ ಕಾಗದಾ ಎತ್ತಿ ಹಿಡದೆ. ತಮ್ಮ ಹೊರಗ ಬಂದ, ಎಡಗೈಲೆ ಇಸಗೊಂಡು ಓದಿದ. ಸಾವಕಾಶ ಓದಿದ. ಆಮ್ಯಾಲೆ ಕಾಗದಾ ತಿರುಗಿ ಕೊಟ್ಟ.

"ಅಣ್ಣಾ, ಪರೀಕ್ಷಾದಾಗ ಪಾಸಾಗೂದು ಕಠಿಣ. ನಪಾಸಾಗಾಕ ಏನು ಬೇಕು? ತಪ್ಪು ಹೇಳಿದ್ರ ಮುಗೀತು. ನೀ ಖರೇನ ತಪ್ಪಿದೋ, ಬೇಕಂತ ತಪ್ಪಿದೋ, ನನಗ ಹೆಂಗ ತಿಳೀಬೇಕು?"

ಅವನ ಮಾತು ಖರೆನ ಇತ್ತು. ಹೊಡದಿದ್ರ ಚಲೋ ಇತ್ತು. ಎದ್ದು ಧೋತರದ ಧೂಳಾ ಝಾಡಿಸಿಕೊಂಡು ಬಂದೆ.

ಮನೀಗೆ ಬಂದು ಏನು ಮಾಡಬೇಕು ತಿಳೀಲಿಲ್ಲ. ಕೊಡ್ಲಿ ತಗೊಂಡೆ. ಅಪ್ಪನ ಮಗ್ಗ ಕಡದೆ. ಕಂಬ, ಪಟ್ಟಿ, ಹಲಗಿ, ಎಲ್ಲಾ. ಒಂದೊಂದ ಏಟಿಗೂ ನನ್ನ ನಾನ ಬೈಕೊಂಡೆ. ಹೆಂಡ್ತಿ ಅಡಗಿಮನಿ ಬಾಗಲದಾಗ ಬಾಯಿಗೆ ಸೆರಗು ಹಚ್ಚಿಕೊಂಡು ನಿಂತಿದ್ಲು, ತಡೀಲಿಲ್ಲ. ಮಲ್ಲಸಮುದ್ರದ ಕಡಿಂದ ಒಂದು ಟ್ರ್ಯಾಕ್ಟರ್ ಮಣ್ಣು ತರಸಿ ಕುಣಿ ತುಂಬಿಸಿದೆ, ಧಮ್ಮಸ್ ಹೊಡದು ಸಾಪಾಟ ಮಾಡಿದೆ. ಇದೂ ಒಂದು ಹುಚ್ಚತನನ. ತಮ್ಮ ಬಂದು ನೋಡಿದ್ರ ಏನಂತಾನ ಅಂತ ವಿಚಾರ ಮಾಡಲಿಲ್ಲ.

ಮುಂದಿನ ವಾರ ಅವ ಬಂದ. ಬರೂದು ನನಗ ಗೊತ್ತಿರಲಿಲ್ಲ, ಅರಿವಿ ಅಂಚಡಿ ಒಯ್ಯಾಕ ಬಂದಿದ್ದ. ನಾ ಶೆಡ್ಡಿನ್ಯಾಗಿದ್ದೆ. ಮೂರನೇ ಲೂಮಿನ ಮುಂದ ಬಗ್ಗಿ ಹರದ ಎಳಿ ಗಂಟು ಹಾಕಾಕತ್ತಿದ್ದೆ, ಉಳದ ಮೂರೂ ನಡದಿದ್ವು. ನಾಕು ಗಂಟೆ ಆಗಾಕ ಬಂದಿತ್ತು. ಬೆನ್ನಿಂದ ಅಂದಂಗಾತು: "ಚಾಯ್ ಲೇ."

ಕಣ್ಣು ಎಳಿ ಮ್ಯಾಲಿದ್ವು. ರೂಢಿ ಪ್ರಕಾರ ತಿರುಗದನ ಹಿಂದಕ ಕೈ ಚಾಚಿದೆ. ಗ್ಲಾಸು ಬರಲಿಲ್ಲ.

"ಕೊಡೋ ಮಾರಾಯಾ, ಕೈ ನೋಯ್ತೈತಿ" ಅಂದೆ.

ಮತ್ತೂ ಬರಲಿಲ್ಲ. ಬೆರಳು ಅಲಗಾಡಿಸಿ ಕರದೆ. ಆಮ್ಯಾಲೆ ಅಂಗೈ ಮ್ಯಾಲೆ ಏನೋ ಬಂತು. ಬಿಸೀ ಗ್ಲಾಸಲ್ಲ, ಕೈ. ಹೆಬ್ಬೆರಳು ಹತ್ತಿತು, ತೋರಬೆರಳು ಹತ್ತಿತು, ನಡೂ ಬೆರಳು ಹತ್ತಿತು. ಮುಂದ ಹುಡುಕಿದೆ, ಇರಲಿಲ್ಲ.

ತಿರುಗಿ ನೋಡಿದ್ರ ತಮ್ಮ. ಮಾರಿ ತುಂಬ ನೀರು. ತುಟಿ ಅಲಗಾಡಾಕತ್ತಿದ್ವು, ನಡಗೂ ತುಟಿ ಓದಾಕ ಬರಲಿಲ್ಲ. ಓಡಿ ಹೋಗಿ ಮೇನ್ ಸ್ವಿಚ್ ಆರಿಸಿದೆ. ನಾಕೂ ಲೂಮು ಒಂದರ ಹಿಂದ ಒಂದು ನಿಂತ್ವು. ಕರೆಂಟ್ ಇದ್ದೂ ಹಾಡ್ಹಗಲಾಗ ನಮ್ಮ ಶೆಡ್ಡು ಅಷ್ಟು ಸುಮ್ಮನಾದದ್ದು ಅಪ್ಪ ಸತ್ತ ದಿನಾ ಬಿಟ್ರ ಅವತ್ತ.

"ಏನಂದಿ?" ಅಂದೆ.

"ಸಾಯಿಲೇ ಅಂದೆ."

ಸ್ವಿಚ್ ಬಿಟ್ಟು ಅವನ ಹತ್ರ ಬಂದೆ.

"ಮೂರ ಸಲ ಅಂದೆ ಅಣ್ಣಾ. ಪಡಸಾಲ್ಯಾಗ ಕುಣಿ ಮುಚ್ಚಿದ್ದು ನೋಡಿದೆ. ನನ್ನ ಬೆರಳು ತಗೊಂಡ ಮ್ಯಾಲೆ ಮುಚ್ಯಾನ ಅಂತ ಹೊಟ್ಟಿಗೆ ಬೆಂಕಿ ಬಿತ್ತು. ನಿನ್ನ ಬೆನ್ನಿಂದ ನಿಂತು ಗಂಟಲ ಹರೀವಂಗ ಒದರಿದೆ. ಸಾಯಿಲೇ, ಸಾಯಿಲೇ, ಸಾಯಿಲೇ ಅಂತ. ನಿನಗ ಲೇ ಅಂದು ಉಳದಾವ ಯಾರದಾನ? ತಿರುಗಿ ಬಡೀತಿ ಅಂತ ಕಾಯ್ಕೊಂಡು ನಿಂತೆ. ಬಡದಿದ್ರ ಇವಗ ಎಲ್ಲಾ ಕೇಳತೈತಿ ಅಂತ ಗೊತ್ತಾಗಿ, ಮತ್ತ ಈ ಹೊಸ್ತಲಾ ತುಳೀಬಾರದು ಅಂತ ಮಾಡಿದ್ದೆ." ಅವ ತೋಳಿಲೆ ಮಾರಿ ವರಸಿಕೊಂಡ. "ನೀ ನೋಡಿದ್ರ ಕೈ ಚಾಚಿದೀ."

"ಚಾಯ್ ಲೇ ಅಂದಂಗಾತೋ ತಮ್ಮಾ" ಅಂದೆ.

ಅವ ಅಲ್ಲೇ ನೂಲಿನ ಮೂಟಿ ಮ್ಯಾಲೆ ಕುಸದು ಕುಂತ. ನಕ್ಕನೋ ಅತ್ತನೋ ನನಗ ತಿಳೀಲಿಲ್ಲ, ಅವಗೂ ತಿಳದಿರಲಿಕ್ಕಿಲ್ಲ. "ನಿನಗ ಖರೇನ ಕೇಳಸಂಗಿಲ್ಲ" ಅಂದ. "ಖರೇನ ಕೇಳಸಂಗಿಲ್ಲಲ್ಲೋ ಅಣ್ಣಾ ನಿನಗ." ಮೂರು ತಿಂಗಳಿಂದ ಈ ಮಾತೊಂದಕ್ಕ ನಾ ಒದ್ದಾಡಿದ್ದೆ. ಅವನ ಬಾಜೂಕ ಕುಂತು ಹೆಣ್ಣಮಕ್ಕಳಂಗ ಅತ್ತೆ, ನಾಚಿಗಿ ಏನು ಅದರಾಗ.

ಅಷ್ಟೊತ್ತಿಗೆ ನನ್ನ ಗೆಳ್ಯಾ ಬಂದ. ಶೆಡ್ಡು ಬಂದ್ ಆಗಿದ್ದು ನೋಡಿ ಹೆದರಿ ಬಾಗಲದಾಗ ನಿಂತ, ಆಮ್ಯಾಲೆ ತಮ್ಮನ್ನ ನೋಡಿದ. ಮೂರು ಗ್ಲಾಸಿಗೆ ಕೆಟಲಿ ಬಗ್ಗಿಸಿದ. ನಾ ಗ್ಲಾಸಿಗೆ ಕೈ ಹಾಕಾಕ ಹೋದೆ. ತಮ್ಮ ನನ್ನ ಮುಂದ ಬಂದು ಕುಂತು, ಮಾರೀಗೆ ಮಾರಿ ಕೊಟ್ಟು, ಬಲಗೈ ಅಂಗೈ ಎತ್ತಿದ. ಮೂರ ಬೆರಳಿನ ಅಂಗೈ.

"ತಡಿ" ಅಂದ. "ಬಿಸಿ ಐತಿ."

ತಡದೆ.